ಮದ್ದು ಕೊಡುವವರು ಯಾರು?

ನಗಬಾರದ ಕಡೆಯಲ್ಲೇ ನಗು ಬರುವ ಕೆಲಸ ನನ್ನದು. ಕಾಲೇಜಿನಲ್ಲಿ ಪಾಠ ಮುಗಿಸಿ ಊರೂರು ಅಲೆದು ಜ್ವರಕ್ಕೆ ನಾಟಿ ಮದ್ದು ಕೊಡುವವರಿಂದ ಸೊಪ್ಪು ತರುತ್ತೇನೆ. ಅದರ ಸಾರ ತೆಗೆದು, ಮಲೇರಿಯಾ ಅದಕ್ಕೆ ಬಗ್ಗುತ್ತದೋ ನೋಡಿ ಎಂದು ದೊಡ್ಡ ಪ್ರಯೋಗಾಲಯಕ್ಕೆ ಕಳಿಸುತ್ತೇನೆ. ನನಗಿರುವ ಭಯ ಒಂದೇ: ಈ ಅರೆಬೆಂದ ಪರೀಕ್ಷೆಯನ್ನು ನಂಬಿ ಯಾರಾದರೂ ಮಾತ್ರೆ ಬಿಟ್ಟುಬಿಟ್ಟರೆ?

ಪಕ್ಕದ ಮನೆಯವಳು

ಮಾದಾಪುರದ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರನ್ನು, "ಇಲ್ಲಿ ಮದ್ದು ಕೊಡೋರು ಯಾರಿದ್ದಾರೆ?" ಎಂದು ಕೇಳಿದೆ. ಅವರು ಕಾಫಿ ಗಿಡಕ್ಕೆ ಮದ್ದು ಹೊಡೆಯುವವರನ್ನೆಲ್ಲ ಪಂಪಿನ ಸಮೇತ ಕರೆತಂದು ನಿಲ್ಲಿಸಿದರು.

ಸರಿ, ಕೆಲಸದವರ ಲೈನ್ ಮನೆಗಳಿಗೇ ಹೋಗಿ, "ಇಲ್ಲಿ ಮದ್ದು ಹಾಕೋರು ಯಾರಮ್ಮ?" ಎಂದೆ. ಊಟದಲ್ಲಿ ಏನೋ ಬೆರೆಸಿ ಗಂಡನನ್ನು ವಶ ಮಾಡಿಕೊಳ್ಳುವುದಕ್ಕೂ ಮದ್ದು ಹಾಕುವುದು ಅನ್ನುತ್ತಾರೆಂಬುದು ಆ ಕ್ಷಣಕ್ಕೆ ಮರೆತೇ ಹೋಗಿತ್ತು. ಅಕ್ಕಿ ಆರಿಸುತ್ತಿದ್ದ ಹೆಂಗಸು ಮೊರ ಕೆಳಗಿಟ್ಟು ಎದ್ದು ನಿಂತಳು.

"ನಾನ್ಯಾರಿಗೂ ಹಾಕಿಲ್ಲಮ್ಮ! ಬೇಕಾದ್ರೆ ಪಕ್ಕದ ಮನೆಯವಳನ್ನ ಕೇಳಿ!"

ಕೆಂಪು

ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಕೊಡವರ ಮನೆಗಳಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ತಿಂದವರ ಮೂತ್ರ ಮರುದಿನ ಕೆಂಪಾಗುತ್ತದೆ. ಇಲ್ಲಿಯವರಿಗೆ ಅದು ಮದ್ದು ಮೈಗೆ ಹಿಡಿದ ಗುರುತು. ಬಯಲುಸೀಮೆಯಿಂದ ಹೊಸದಾಗಿ ಬಂದಿದ್ದ ನಮ್ಮ ಲ್ಯಾಬ್ ಸಹಾಯಕನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಪಾಯಸ ಮಾತ್ರ ಬಟ್ಟಲುಗಟ್ಟಲೆ ಬಡಿಸಿದ್ದರು.

ಮಲೇರಿಯಾ ಕೈಮೀರಿದರೆ ಮೂತ್ರ ಕೆಂಪಾಗಬಹುದೆಂದು ಅವನು ಓದಿದ್ದ. ಮರುದಿನ ಬೆಳಿಗ್ಗೆ ಲ್ಯಾಬಿಗೆ ಬಂದಾಗ ಮುಖದಲ್ಲಿ ರಕ್ತವೇ ಇರಲಿಲ್ಲ. ನಾನು ಪಾಯಸದ ಗುಟ್ಟು ಹೇಳಿದೆ. ಅವನಿಗೆ ಸಮಾಧಾನವಾಗುವ ಬದಲು ದುಃಖವೇ ಹೆಚ್ಚಾಯಿತು.

"ಇನ್ನು ಉಳಿಯಲ್ಲ ಅಂತ ಹೆಂಡತಿಗೆ ಫೋನ್ ಮಾಡಿ, ಇದುವರೆಗಿನ ಜಗಳಕ್ಕೆಲ್ಲ ತಪ್ಪು ನಂದೇ ಅಂತ ಒಪ್ಕೊಂಡ್ಬಿಟ್ಟೆ ಮೇಡಂ. ಈಗ ಅದನ್ನ ವಾಪಸ್ ತಗೊಳ್ಳೋದು ಹೆಂಗೆ?"

ಅಜ್ಜಿಯ ನೆಲಬೇವು

ತಿತಿಮತಿಯ ಅಜ್ಜಿಯೊಬ್ಬರು ಕೊಟ್ಟ ನೆಲಬೇವಿನ ಸಾರಕ್ಕೆ ಮಲೇರಿಯಾದ ರೋಗಾಣು ಸತ್ತಿತೆಂದು ವರದಿ ಬಂತು. ಖುಷಿ ತಡೆಯಲಾರದೆ ಅಜ್ಜಿಗೆ ಫೋನ್ ಮಾಡಿದೆ. ಅವರು ಊರಿಗೆಲ್ಲ ಡಂಗುರ ಸಾರಿದರು.

ಕೆಲವು ವಾರಗಳ ಮೇಲೆ ಅವರ ಸೊಸೆಯ ಫೋನು. ಮಂಗಳೂರಿನ ಮಗಳ ಮನೆಯಿಂದ ಅಜ್ಜಿ ಚಳಿಜ್ವರ ಹೊತ್ತು ಬಂದಿದ್ದಾರೆ, ರಕ್ತ ಪರೀಕ್ಷೆಯಲ್ಲಿ ಮಲೇರಿಯಾ ಎಂದಾಗಿದೆ, ಆದರೆ ಮಾತ್ರೆ ಮುಟ್ಟುತ್ತಿಲ್ಲ. ಕೈಲಿದ್ದ ಕೆಲಸ ಬಿಟ್ಟು ತಿತಿಮತಿಗೆ ಓಡಿದೆ.

ಎರಡು ಕಂಬಳಿಯ ಕೆಳಗೆ ನಡುಗುತ್ತಿದ್ದ ಅಜ್ಜಿ ನನ್ನನ್ನೇ ಗದರಿದರು. "ನನ್ನ ಸೊಪ್ಪಿಗೆ ಮಲೇರಿಯಾ ಸಾಯ್ತದೆ ಅಂತ ನೀನೇ ಹೇಳಿದ್ದಲ್ವಾ ಮಗಳೇ? ಮತ್ತೆ ಮಾತ್ರೆ ಯಾಕೆ?"

"ಅದು ಸತ್ತದ್ದು ಗಾಜಿನ ತಟ್ಟೆಯಲ್ಲಿ ಅಜ್ಜಿ. ಮನುಷ್ಯರ ಮೈಯಲ್ಲಿ ಸಾಯ್ತದೋ ಇಲ್ಲವೋ ನಂಗಿನ್ನೂ ಗೊತ್ತಿಲ್ಲ. ಅದು ಗೊತ್ತಾಗೋಕೆ ವರ್ಷಗಟ್ಟಲೆ ಬೇಕು. ನಿಮ್ಗೇನಾದ್ರೂ ಆದ್ರೆ ನಾನು ಹೇಗೆ ತಡ್ಕೊಳ್ಳಲಿ?" ಹೇಳುತ್ತ ನನಗೆ ಅಳುವೇ ಬಂತು.

ಅಜ್ಜಿ ಕಂಬಳಿಯಿಂದ ಕೈ ಹೊರಗೆ ಚಾಚಿದರು.

"ಹಂಗಾದ್ರೆ ಮಾತ್ರೆ ಇತ್ಲಾಗೆ ಕೊಡು. ನಿನ್ನ ತಟ್ಟೆಗೆ ಜ್ವರ ಬಂದಾಗ ಹೇಳು, ಸೊಪ್ಪು ಕಿತ್ತು ಕಳಿಸ್ತೇನೆ."