ಷಡ್ಡಕರ ಟೈರು

ಕೆಲವರಿಗೆ ಪಕ್ಕದವರ ಮನೆ ಕಂಡರೆ ಹೊಟ್ಟೆಕಿಚ್ಚು, ಕೆಲವರಿಗೆ ಪಕ್ಕದವರ ಮಕ್ಕಳ ಮಾರ್ಕು ಕಂಡರೆ. ನಾನು ಅಷ್ಟು ಸಣ್ಣ ಮನಸ್ಸಿನವನಲ್ಲ. ನನ್ನ ಹೊಟ್ಟೆ ಉರಿದದ್ದು ಟೈರು ಕಂಡು, ಅದೂ ಸ್ವಂತ ಷಡ್ಡಕರ ಕಾರಿನ ಟೈರು. ಹೆಂಡತಿಯ ಅಕ್ಕನ ಗಂಡ ಪ್ರಭಾಕರಣ್ಣ ಮತ್ತು ನಾನು ಒಂದೇ ವಾರದಲ್ಲಿ ಒಂದೇ ಮಾದರಿಯ ಕಾರು ಕೊಂಡವರು. ಈಗ ನನ್ನ ಕಾರಿನ ಎಡಗಡೆಯ ಮುಂದಿನ ಟೈರು ಒಳಅಂಚಿನಲ್ಲಿ ಮಾತ್ರ ಸವೆದು ಬೋಳಾಗಿದೆ. ಅವರ ನಾಲ್ಕೂ ಟೈರು ಸಮನಾಗಿ ಸವೆದಿವೆಯಂತೆ. ಸುದ್ದಿ ತಂದವಳು ಹೆಂಡತಿ ಸುಮತಿ. "ಭಾವ ಗಾಡಿ ಬಿಡುದೇ ಹಾಂಗೆ, ಚಂದ. ಈ ಸಲ ಅಮ್ಮನ್ನ ಶಂಕರನಾರಾಯಣಕ್ಕೆ ಅವ್ರ ಕಾರಲ್ಲೇ ಕರ್ಕಂಡ್ ಹೋಪ" ಎಂದಳು. ಅತ್ತೆಯನ್ನು ದೇವಸ್ಥಾನಕ್ಕೆ ಕರೆದೊಯ್ಯುವುದು ಇಷ್ಟು ವರ್ಷ ನನ್ನ ಹಕ್ಕಾಗಿತ್ತು. ಆ ಹೊತ್ತಿನ ಊಟ ನನಗೆ ಸೇರಲಿಲ್ಲ.

ಕಾರಣ ಹುಡುಕಲು ಕೂತೆ. ಗಾಳಿ ಕಡಿಮೆಯಾದರೆ ಟೈರಿನ ಎರಡೂ ಅಂಚು ಸವೆಯುತ್ತವೆ, ಹೆಚ್ಚಾದರೆ ನಡುಭಾಗ. ನನ್ನದು ಎರಡೂ ಅಲ್ಲ. ರಸ್ತೆಯನ್ನು ಬೈಯೋಣವೆಂದರೆ ಷಡ್ಡಕರು ಓಡಾಡುವುದೂ ಅದೇ ರಸ್ತೆಯಲ್ಲಿ. ಅವರ ಟೈರೂ ಎಲ್ಲೋ ಒಂದು ಕಡೆ ಸವೆದಿರಲೇಬೇಕು ಎಂಬ ಆಸೆ ಮಾತ್ರ ಉಳಿಯಿತು. ಬ್ರಹ್ಮಾವರದ ಒಂದು ಮದುವೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ನಾನು ಹೊರಗೆ ಅವರ ಕಾರಿನ ಪಕ್ಕ ಮಂಡಿಯೂರಿ ಟೈರಿನ ಒಳಗೆ ಕೈ ಹಾಕಿದ್ದೆ. "ಹ್ವಾಯ್, ಎಂತ ಹುಡ್ಕ್ತ್ರಿ?" ಎಂದು ಹಿಂದಿನಿಂದ ಪ್ರಭಾಕರಣ್ಣನ ದನಿ ಬಂತು. ಬೀಗದ ಕೈ ಬಿತ್ತು ಎಂದೆ. ಪಾಪ, ಅವರೂ ರೇಷ್ಮೆ ಪಂಚೆ ಎತ್ತಿ ಕಟ್ಟಿ ನನ್ನ ಜೊತೆ ಹುಡುಕಿದರು. ಟೈರು ಮಾತ್ರ ನಿಜಕ್ಕೂ ಸಮನಾಗಿತ್ತು.

ಕೊನೆಗೆ ಕುಂದಾಪುರದಲ್ಲಿ ವೀಲ್ ಅಲೈನ್‌ಮೆಂಟ್ ಮಾಡುವಲ್ಲಿಗೆ ಹೋದೆ. ಸುಮತಿಯೂ ಬಂದಿದ್ದಳು. ಟೈರು ನೋಡಿದ ಅಲ್ಲಿನ ಮೆಕ್ಯಾನಿಕ್ ಕೇಳಿದರು, "ನೀವ್ ಎಡದ್ ಚಕ್ರ ಟಾರಿಂದ ಕೆಳ್ಗ್ ಇಳ್ಸಿ ಹತ್ಸುದ್ ಜಾಸ್ತಿಯಾ? ಟಾರಿನ ಅಂಚಿಗೆ ಉಜ್ಜಿ ಉಜ್ಜಿ ಹೋದಾಂಗಿತ್ತ್."

"ಇಲ್ಲವೇ ಇಲ್ಲ" ಎಂದೆ.

"ಎಂತ ಇಲ್ಲೆ?" ಎಂದಳು ಸುಮತಿ. "ಹೆಮ್ಮಾಡಿಯಲ್ ಅಕ್ಕನ ಮನಿ ಗೇಟ್ ಹತ್ರ ದಿನಾ ಇಳ್ಸ್ತ್ರಿ. ಭಾವನ ಕಾರ್ ಅಂಗಳದಲ್ ಇತ್ತಾ ಇಲ್ಯಾ ಕಾಂಬುಕೆ!"

ಅಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ನಾನು ಟೈರನ್ನು ನೋಡಿದೆ. ಆಫೀಸಿನಿಂದ ಬರುವಾಗ ಕಾರು ಆ ಗೇಟಿನ ಬಳಿ ತಾನಾಗಿಯೇ ಎಡಕ್ಕೆ ವಾಲುತ್ತದೆ ಎಂದು ನಾನು ಇಷ್ಟು ದಿನ ನಂಬಿದ್ದೆ.

ಅಲೈನ್‌ಮೆಂಟ್ ಆಯಿತು, ಹೊಸ ಟೈರೂ ಬಂತು. ಈ ಸಲವೂ ಅತ್ತೆ ನಮ್ಮ ಕಾರಲ್ಲೇ ಬರಲಿ ಎಂದು ಸುಮತಿ ಒಪ್ಪಿದಳು, ಟಾರು ಬಿಟ್ಟು ಇಳಿಯಬಾರದೆಂಬ ಷರತ್ತಿನ ಮೇಲೆ. ನಾನೂ ಸನ್ಯಾಸಿಯಂತೆ ನೆಟ್ಟಗೆ ಹೋಗತೊಡಗಿದೆ. ನಿನ್ನೆ ಸಂಜೆ ಬರುವಾಗ ಕಣ್ಣಂಚಿನಲ್ಲಿ ಕಂಡ ಷಡ್ಡಕರ ಅಂಗಳ ಖಾಲಿ ಇದ್ದಂತಿತ್ತು. ಕಾರು ಎಲ್ಲಿ? ಅತ್ತೆಯನ್ನು ಕರೆದೊಯ್ದೇ ಬಿಟ್ಟರೇ? ಒಮ್ಮೆ ಮಾತ್ರ, ಖಾತ್ರಿ ಮಾಡಿಕೊಳ್ಳಲು, ಸ್ವಲ್ಪ ಎಡಕ್ಕೆ ತಿರುಗಿಸಿದೆ. ಹೊಸ ಟೈರು ದಡಕ್ ಎಂದು ಕೆಳಗಿಳಿಯಿತು. ಅವರ ಕಾರು ಮಾವಿನ ಮರದ ಅಡಿಯಲ್ಲೇ ಇತ್ತು. ಪಕ್ಕದಲ್ಲಿ ನಿಂತ ಪ್ರಭಾಕರಣ್ಣ ಕೈ ಬೀಸಿ ಕೂಗಿದರು: "ಹ್ವಾಯ್, ಬೀಗದ ಕೈ ಸಿಕ್ತಾ?"