ಗ್ಲೋಬಿನೊಳಗೆ ಸಿಕ್ಕಿಬಿದ್ದ ಬಲಗೈ

ಒಂದು ಬಲ್ಬು ಬದಲಿಸುವುದಕ್ಕೆ ಎಷ್ಟು ಹೊತ್ತು ಬೇಕು? ಆ ಭಾನುವಾರ ಬೆಳಿಗ್ಗೆ ಯಾರಾದರೂ ಕೇಳಿದ್ದರೆ, "ಐದು ನಿಮಿಷ. ಅದರಲ್ಲಿ ಮೂರು ನಿಮಿಷ ಏಣಿ ತರುವುದಕ್ಕೆ" ಎಂದು ಹೇಳುತ್ತಿದ್ದೆ. ಹೇಳುವ ಅಧಿಕಾರವೂ ನನಗಿತ್ತು. ಬೆಳ್ತಂಗಡಿಯ ಹೈಸ್ಕೂಲೊಂದರಲ್ಲಿ ಇಪ್ಪತ್ತೆಂಟು ವರ್ಷಗಳಿಂದ ವಿಜ್ಞಾನ ಪಾಠ ಮಾಡುತ್ತಿರುವವನು ನಾನು. ವಿದ್ಯುತ್ ಎಂಬ ಅಧ್ಯಾಯವನ್ನು ಪುಸ್ತಕ ನೋಡದೆ ಹೇಳಬಲ್ಲೆ!

ಕೆಟ್ಟು ನಿಂತದ್ದು ಲಾಯಿಲದ ನಮ್ಮ ಮನೆಯ ಗೇಟಿನ ಕಂಬದ ಮೇಲಿನ ದೀಪ. ಅದಕ್ಕೊಂದು ಹಾಲುಬಿಳುಪಿನ ಗಾಜಿನ ಗ್ಲೋಬು. ನಾವು ಮನೆ ಕಟ್ಟಿದಾಗ ಮಾವನವರು ಅದನ್ನು ಮಸ್ಕತ್ತಿನಿಂದ ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಈಗ ಅವರಿಲ್ಲ. ಹಾಗಾಗಿ ಆ ಗ್ಲೋಬಿಗೆ ನಮ್ಮ ಮನೆಯಲ್ಲಿ ನನಗಿಂತ ಹೆಚ್ಚು ಮರ್ಯಾದೆ.

ಆ ದಿನ ಸಂಜೆ ಆರೂವರೆಗೆ ನಮ್ಮ ಮಗಳು ಸುಪ್ರಿಯಾಳನ್ನು ನೋಡಲು ಮೂಡುಬಿದಿರೆಯಿಂದ ಗಂಡಿನ ಕಡೆಯವರು ಬರುವವರಿದ್ದರು. ನಮ್ಮ ಓಣಿಗೆ ಬೀದಿದೀಪವಿಲ್ಲ. ಹಿಂದೊಮ್ಮೆ ನೆಂಟರೊಬ್ಬರು ಕತ್ತಲಲ್ಲಿ ನಮ್ಮ ಗೇಟು ದಾಟಿ ಹೋಗಿ ಯಾರದೋ ದನದ ಹಟ್ಟಿಯ ಮುಂದೆ ಚಪ್ಪಲಿ ಬಿಚ್ಚಿದ್ದರು.

"ಎಲೆಕ್ಟ್ರಿಷಿಯನಿಗೆ ಫೋನ್ ಮಾಡಿ," ಎಂದಳು ನನ್ನ ಹೆಂಡತಿ ವಾರಿಜ.

"ಒಂದು ಬಲ್ಬಿಗೆ ಎಲೆಕ್ಟ್ರಿಷಿಯನಾ? ನಾನೇ ಮಾಡ್ತೇನೆ."

ಅವಳು "ಅಪ್ಪನ ಗ್ಲೋಬು, ಜಾಗ್ರತೆ," ಎಂದಷ್ಟೇ ಹೇಳಿ ಒಳಗೆ ಹೋದಳು. ಏಣಿ ಹತ್ತುವವನ ಬಗ್ಗೆ ಒಂದು ಮಾತಿಲ್ಲ!

ಪೇಟೆಗೆ ಹೋಗಿ ಬಲ್ಬು ತಂದೆ. ಏಣಿ ಹತ್ತಿ, ತುಕ್ಕು ಹಿಡಿದ ಮೂರು ಸ್ಕ್ರೂ ಬಿಚ್ಚಿ, ಗ್ಲೋಬನ್ನು ಮಗುವಿನಂತೆ ಎದೆಗವಚಿಕೊಂಡು ಇಳಿದೆ. ಪುನಃ ಹತ್ತಿ ನೋಡಿದರೆ ಒಳಗಿದ್ದದ್ದು ತಿರುಪಿನ ಬಲ್ಬು, ನಾನು ತಂದದ್ದು ಪಿನ್ನಿನ ಬಲ್ಬು. ಮತ್ತೆ ಪೇಟೆಗೆ. ಅಂಗಡಿಯವನು, "ಮೊದಲೇ ನೋಡಿಕೊಂಡು ಬರ್ಲಿಕ್ಕೆ ಆಗ್ಲಿಲ್ವಾ ಮಾಸ್ಟ್ರೆ?" ಎಂದ. ಅವನು ನನ್ನ ಹಳೆಯ ವಿದ್ಯಾರ್ಥಿ. 'ಮೊದಲು ಗಮನಿಸಬೇಕು, ಆಮೇಲೆ ಪ್ರಯೋಗ' ಎಂದು ಅವನಿಗೆ ಕಲಿಸಿದವನು ನಾನೇ.

ಹಳೆಯ ಬಲ್ಬನ್ನು ತಿರುಗಿಸಿದೆ. ಗಾಜು ಕೈಗೆ ಬಂತು, ತಗಡಿನ ಬುಡ ಹೋಲ್ಡರಿನಲ್ಲೇ ಉಳಿಯಿತು. ಅದನ್ನು ಪಕ್ಕಡದಿಂದ ಕೀಳಲು ಮೇನ್ ಸ್ವಿಚ್ ಆಫ್ ಮಾಡಿದೆ. ಸುರಕ್ಷತೆಯ ದೃಷ್ಟಿಯಿಂದ ಅದು ಅತ್ಯಂತ ಸಮರ್ಪಕವಾದ ಕ್ರಮ. ಆದರೆ ಅಡುಗೆಮನೆಯಲ್ಲಿ ಗ್ರೈಂಡರ್ ನಿಂತಿತು. ನೆಂಟರಿಗಾಗಿ ರುಬ್ಬುತ್ತಿದ್ದ ಗೋಳಿಬಜೆಯ ಚಟ್ನಿ ಅರ್ಧಕ್ಕೇ ಉಳಿಯಿತು.

"ಈಗ ಯಾರು ಇದನ್ನು ಆಫ್ ಮಾಡಿದ್ದು?" ಎಂದು ಒಳಗಿನಿಂದ ಕೇಳಿತು. ಮನೆಯಲ್ಲಿ ಇದ್ದದ್ದೇ ನಾವಿಬ್ಬರು. ಸುಪ್ರಿಯಾ ಪಕ್ಕದ ಡೊಲ್ಫಿ ಪೊರ್ಬುಗಳ ಮನೆಗೆ, ಅವರ ಹೆಂಡತಿಯ ಕೈಯಿಂದ ಸೀರೆ ಉಡಿಸಿಕೊಳ್ಳಲು ಹೋಗಿದ್ದಳು.

ಬುಡ ಕಿತ್ತು, ಸ್ವಿಚ್ ಹಾಕಿದಾಗ ಗಂಟೆ ನಾಲ್ಕೂಮುಕ್ಕಾಲು. ಇನ್ನು ಬಲ್ಬು ತಿರುಗಿಸಿ, ಗ್ಲೋಬು ಕೂರಿಸಿದರೆ ಮುಗಿಯಿತು. ಆದರೆ ಗ್ಲೋಬಿನೊಳಗೆ ಎಷ್ಟೋ ಮಳೆಗಾಲಗಳ ಹುಳಗಳು ಸತ್ತು ಬಿದ್ದಿದ್ದವು. ಮಗಳ ಭವಿಷ್ಯದ ಮೇಲೆ ಸತ್ತ ಹಾತೆಗಳ ನೆರಳು ಬೀಳಬಾರದು!

"ನೀರು ಹಾಕಿ ಕುಲುಕಿದರೆ ಸಾಕು," ಎಂದಳು ವಾರಿಜ.

ಕುಲುಕುವುದು ಅವೈಜ್ಞಾನಿಕ. ನಾನು ಬಲಗೈಗೆ ಮೈ ಒರೆಸುವ ಒಂದು ಹಳೆಯ ಬೈರಾಸು ಸುತ್ತಿಕೊಂಡು, ಸಾಬೂನು ನೀರಿನಲ್ಲಿ ಅದ್ದಿ, ಗ್ಲೋಬಿನ ಬಾಯಿಯೊಳಗೆ ತುರುಕಿದೆ. ಕೈ ಒಳಗೆ ಹೋಯಿತು. ಚೆನ್ನಾಗಿ ಉಜ್ಜಿದೆ. ಗಾಜು ಫಳಫಳ ಹೊಳೆಯಿತು.

ಕೈ ಹೊರಗೆ ಬರಲಿಲ್ಲ.

ಎಳೆದಷ್ಟೂ ಬೈರಾಸು ಮುದ್ದೆಯಾಗಿ ಬಂದು ಬಾಟಲಿಗೆ ಬಿರಡೆ ಹಾಕಿದಂತೆ ಬಾಯಿಗೆ ಸಿಕ್ಕಿಕೊಂಡಿತು. ಹತ್ತು ನಿಮಿಷ ಎಳೆದ ಮೇಲೆ ಮಣಿಕಟ್ಟೂ ಊದಿಕೊಂಡಿತು. ನನ್ನ ಕೂಗು ಕೇಳಿ ಬೇಲಿಯಾಚೆಯಿಂದ ಡೊಲ್ಫಿ ಪೊರ್ಬುಗಳು ಓಡಿ ಬಂದರು. ಗ್ಲೋಬನ್ನೂ ನನ್ನನ್ನೂ ಒಂದು ಸುತ್ತು ಹಾಕಿ ನೋಡಿ, "ಒಂದು ಸುತ್ತಿಗೆ ತನ್ನಿ. ಒಡೆಯುವ," ಎಂದರು.

"ಬೇಡ!" ಎಂದು ಚೀರಿದಳು ವಾರಿಜ. "ನನ್ನ ಅಪ್ಪ ತಂದದ್ದು."

"ಒಡೆದರೆ ಗಾಜು ಚುಚ್ಚೀತು, ಅದೂ ಕಷ್ಟ. ಆದರೆ ಒಡೆಯದಿದ್ದರೆ ಮಾಸ್ಟ್ರ ಕೈ?" ಎಂದರು ಪೊರ್ಬುಗಳು.

ವಾರಿಜ ಯೋಚಿಸಿದಳು. ತುಸು ಹೆಚ್ಚೇ ಹೊತ್ತು ಯೋಚಿಸಿದಳು.

ಅಷ್ಟರಲ್ಲಿ ಗೇಟಿನ ಬಳಿ ಕಾರು ನಿಂತಿತು. ಗಂಡಿನ ಕಡೆಯವರು! ಹುಡುಗ ನಿತೇಶ, ಅವನ ತಂದೆ, ತಾಯಿ ಮತ್ತು ಊರುಗೋಲು ಹಿಡಿದ ಅಜ್ಜಿ. ಅವರು ಹೇಳಿದ್ದ ಹೊತ್ತಿಗೆ ಇನ್ನೂ ಒಂದೂಕಾಲು ಗಂಟೆ ಇತ್ತು.

"ಕತ್ತಲಾದರೆ ದಾರಿ ಗೊತ್ತಾಗ್ಲಿಕ್ಕಿಲ್ಲ ಅಂತ ಬೆಳಕಿರುವಾಗಲೇ ಬಂದೆವು," ಎಂದರು ಹುಡುಗನ ತಂದೆ ನಗುತ್ತ. ಅಂದರೆ ಆ ದೀಪದ ಅಗತ್ಯವೇ ಇರಲಿಲ್ಲ!

ಅವರು ಕೈ ಮುಗಿದರು. ನಾನೂ ಮುಗಿಯಬೇಕಲ್ಲ. ಎಡದ ಅಂಗೈಯನ್ನು ಗ್ಲೋಬಿಗೆ ತಾಗಿಸಿ, ಇಡೀ ಗೋಳವನ್ನು ಎದೆಯ ಮಟ್ಟಕ್ಕೆತ್ತಿ ತಲೆಬಾಗಿದೆ. ಅಜ್ಜಿ ಕಣ್ಣು ಕಿರಿದು ಮಾಡಿ, "ಇವರ ಕೈಗೆ ಏನಾಗಿದೆ?" ಎಂದು ಕೇಳಿದರು.

"ದೀಪ ಸರಿ ಮಾಡ್ತಾ ಇದ್ದೇನೆ," ಎಂದೆ.

ವಾರಿಜಳ ಮುಖ ನೋಡಿದಾಗ ಮಾತ್ರ ನನಗೆ ನಿಜವಾಗಿ ಹೆದರಿಕೆಯಾಯಿತು. ಮಗಳಿಗೆ ಎಷ್ಟೋ ದಿನ ಕಾದು ಬಂದ ಸಂಬಂಧ. ಹುಡುಗ ಒಳ್ಳೆಯವನು, ಸ್ವಂತ ಔಷಧಿ ಅಂಗಡಿ ಬೇರೆ. ಎಲ್ಲವನ್ನೂ ನಾನು ಒಂದು ಬಲ್ಬಿಗಾಗಿ ಹಾಳು ಮಾಡಿದೆನೇ?

ಬೇಲಿಯ ಸಂದಿಯಿಂದ ಸುಪ್ರಿಯಾ ಬಂದಳು. ಹೊಸ ಸೀರೆ, ಮುಡಿಯಲ್ಲಿ ಮಲ್ಲಿಗೆ. ನೆಂಟರಿಗೆ ಕೈ ಮುಗಿದಳು, ನನ್ನ ಕೈ ನೋಡಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅವಳು ಕಲಿತದ್ದು ಫಿಸಿಯೋಥೆರಪಿ.

"ಅಪ್ಪ, ಎಳೆಯುವುದನ್ನು ನಿಲ್ಲಿಸಿ. ಕುಳಿತುಕೊಂಡು ಕೈ ಮೇಲಕ್ಕೆ ಎತ್ತಿ ಹಿಡಿಯಿರಿ, ಊತ ಇಳಿಯಲಿ. ಅಮ್ಮ, ತೆಂಗಿನೆಣ್ಣೆ." ಆಮೇಲೆ ಸುತ್ತ ನೋಡಿ, "ಯಾರಾದರೂ ಗ್ಲೋಬು ಗಟ್ಟಿ ಹಿಡ್ಕೊಳ್ಳಿ," ಎಂದಳು.

ಮುಂದೆ ಬಂದವನು ನಿತೇಶ. ಹೀಗೆ ನಮ್ಮ ಅಂಗಳದಲ್ಲಿ ಹೆಣ್ಣು ನೋಡುವ ಶಾಸ್ತ್ರ ನೆರವೇರಿತು. ಹುಡುಗ ಗ್ಲೋಬು ಹಿಡಿದ, ಹುಡುಗಿ ಕೈ ಹಿಡಿದಳು. ನನ್ನದು!

"ಬೈರಾಸಿನ ಒಂದು ತುದಿ ಕಾಣ್ತಾ ಉಂಟು," ಎಂದ ಅವನು.

"ಅದನ್ನೇ ಮೊದಲು ತೆಗೆಯುವ. ನೀವು ಸ್ವಲ್ಪ ಓರೆ ಮಾಡಿ."

ಎಣ್ಣೆ ಇಳಿಸಿ, ಬೈರಾಸನ್ನು ಇಂಚಿಂಚಾಗಿ ಹೊರಗೆಳೆದಳು. ನನ್ನ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಲು ಹೇಳಿ ಮೆಲ್ಲಗೆ ತಿರುಗಿಸಿದಳು. ಪುಳಕ್ಕನೆ ಕೈ ಹೊರಗೆ ಬಂತು. ನಿತೇಶನ ಕೈಯಲ್ಲಿ ಗ್ಲೋಬು ಒಂದು ಗೀರೂ ಇಲ್ಲದೆ ಉಳಿಯಿತು. ವಾರಿಜ ಅದನ್ನು ಇಸಿದುಕೊಂಡು ತಡವಿ ನೋಡಿದಳು. ನನ್ನ ಕೈಯನ್ನು ಆಮೇಲೆ ನೋಡಿದಳು.

ನಾವು ಗೋಳಿಬಜೆ ತಿನ್ನುವಷ್ಟರಲ್ಲಿ ಡೊಲ್ಫಿ ಪೊರ್ಬುಗಳು ಸದ್ದಿಲ್ಲದೆ ಏಣಿ ಹತ್ತಿ ಬಲ್ಬು ಹಾಕಿ, ಗ್ಲೋಬು ಕೂರಿಸಿ ಇಳಿದಿದ್ದರು. ಐದು ನಿಮಿಷವೂ ಹಿಡಿಯಲಿಲ್ಲ.

ಎರಡು ದಿನ ಬಿಟ್ಟು ಹುಡುಗನ ತಂದೆಯ ಫೋನ್ ಬಂತು. ವಾರಿಜಳಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ನಮಗೆ ಒಪ್ಪಿಗೆ ಉಂಟು ಮಾಸ್ಟ್ರೆ. ನಿತೇಶನಿಗೂ. ನಮ್ಮ ಅಮ್ಮ ಅಂತೂ ಕಾರಿನಲ್ಲೇ ತೀರ್ಮಾನ ಮಾಡಿದ್ರು."

ನನ್ನ ಎದೆ ಉಬ್ಬಿತು. "ನಮ್ಮ ಮನೆತನ ನೋಡಿಯಾ?"

"ಅಲ್ಲ. 'ಇಂಥ ಅಪ್ಪನನ್ನು ಇಷ್ಟು ವರ್ಷ ಸುಧಾರಿಸಿಕೊಂಡು ಬಂದ ಹುಡುಗಿಗೆ ನಮ್ಮ ನಿತೇಶ ಯಾವ ಲೆಕ್ಕ' ಅಂದ್ರು."

"ಅಜ್ಜಿ ಸರಿಯಾಗಿ ನೋಡಿದ್ದಾರೆ," ಎಂದಳು ವಾರಿಜ.

ನಾನು "ಧನ್ಯವಾದ" ಎಂದೆ.