ಮಾವನವರ ಎರಡನೇ ಮಾತು

ಆ ದಿನದ ರಾದ್ಧಾಂತಕ್ಕೆಲ್ಲ ಕಾರಣ ‘ಹೌದು’ ಎಂಬ ಒಂದೇ ಮಾತು. ಲಕ್ವ ಹೊಡೆದು ಮೂರು ವಾರವಾಗಿದ್ದ ಮಾವನವರ ಬುದ್ಧಿ ಚುರುಕಾಗಿಯೇ ಇತ್ತು. ಆದರೆ ಬೇಕಾದ ಮಾತು ನಾಲಿಗೆಗೆ ಬರುತ್ತಿರಲಿಲ್ಲ. ಅಫೇಸಿಯಾ ಎಂದಿದ್ದರು ಡಾಕ್ಟರು. ಏನು ಕೇಳಿದರೂ ‘ಹೌದು’.

ಇವತ್ತು ಡಿಸ್ಚಾರ್ಜ್. ಯಾರ ಮನೆಗೆ?

“ನಮ್ಮನೆಗೆ ಬರ್ತೀಯಾ ಅಪ್ಪಾ?” ಎಂದಳು ಮಗಳು.

“ಹೌದು.”

“ನಮ್ಮನೆಗೆ ತಾನೇ?” ಎಂದ ಮಗ.

“ಹೌದು.”

“ಕಿಟಕಿ ಮುಚ್ಚಿಸಲಾ?” ಎಂದರು ಪಕ್ಕದ ಮಂಚದ ಕಾಲುಮುರುಕರು.

“ಹೌದು.”

ಗಡಿಯಾರ ರಿಪೇರಿಯ ಅಳಿಯನ ಎದೆ ಅಂಗಡಿಯ ಅಷ್ಟೂ ಗಡಿಯಾರ ಒಟ್ಟಿಗೆ ಬಡಿದಂತೆ ಬಡಿಯಿತು. ಅವನ ಮನೆಯಲ್ಲಿ ಇರುವುದೇ ಎರಡು ಕೋಣೆ!

“ಬರೀ ಬಾಯಲ್ಲಿ ಕೇಳಬೇಡಿ. ಚಿತ್ರ ತೋರಿಸಿ, ಒಂದೊಂದಾಗಿ ಕೇಳಿ, ಉತ್ತರಕ್ಕೆ ಕಾಯಿರಿ,” ಎಂದರು ಮಾತಿನ ಥೆರಪಿಸ್ಟ್ ಮೇಡಂ.

ಅಳಿಯ ಛಂಗನೆ ಹಾರಿ ಪೆನ್ನು ಹಿಡಿದ. ಭಾವನ ಮನೆಗೆ ತೋಟ, ಉಯ್ಯಾಲೆ, ನಗುವ ಸೂರ್ಯ. ತನ್ನ ಮನೆಗೆ ಸೋರುವ ನಲ್ಲಿ, ಆಕಾಶ ಮುಟ್ಟುವ ಮೆಟ್ಟಿಲು.

“ನಲ್ಲಿ ಇನ್ನೂ ಸ್ವಲ್ಪ ಸೋರಲಿ,” ಎಂದರು ಕಾಲುಮುರುಕರು.

“ಅಲ್ರೀ, ನಮ್ಮನೇಲಿ ಮೆಟ್ಟಿಲು ಮೂರೇ ಅಲ್ವಾ?” ಹೆಂಡತಿ ಕಣ್ಣು ಕೆಕ್ಕರಿಸಿದಳು.

“ನಿಮ್ಮಪ್ಪನ ಕಾಲಿಗೆ ಮೂರೂ ಒಂದೇ, ಮೂವತ್ತೂ ಒಂದೇ ಕಣೇ.”

ಅವನು ಮಾವನ ಎದುರು ಮಂಡಿಯೂರಿ, ಉಯ್ಯಾಲೆಯ ಚಿತ್ರ ಹಿಡಿದ. “ಮಾವ… ಇದು… ಭಾವನ ಮನೆ. ಹೋಗೋಣ್ವಾ?” ಆಸೆಯಿಂದ ಕಾದ. ಒಂದು ನಿಮಿಷ ಕಾದ. ಮಾವನ ಹಣೆ ಬೆವರಿತು, ತುಟಿ ನಡುಗಿತು. ವಾರ್ಡಿಗೆ ವಾರ್ಡೇ ಉಸಿರು ಬಿಗಿಹಿಡಿಯಿತು.

“ಬೇ… ಬೇಡ!”

ಚಪ್ಪಾಳೆಯೋ ಚಪ್ಪಾಳೆ! ಹೆಂಡತಿ ಗಳಗಳನೆ ಅತ್ತಳು. ಅಳಿಯನ ಕಣ್ಣೂ ಒದ್ದೆಯಾಯಿತು, ಅರ್ಧ ಸಂತೋಷಕ್ಕೆ.

“ಹೊಸ ಮಾತು ತಪ್ಪಿ ಬಂದಿರಬಹುದು, ಇನ್ನೊಮ್ಮೆ ನೋಡೋಣ,” ಎಂದು ಮೇಡಂ ಎರಡೂ ಚಿತ್ರ ಪಕ್ಕಪಕ್ಕ ಇಟ್ಟರು. ಮಾವನವರ ಎಡಗೈ ಎರಡನ್ನೂ ದಾಟಿ ಬಂದು ಅಳಿಯನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

“ಮೂರು ವಾರದಿಂದ ನನ್ನಿಂದಾಗದ್ದು ನಿಮ್ಮಿಂದಾಯ್ತು! ಇಷ್ಟು ತಾಳ್ಮೆಯಿಂದ ಯಾರೂ ಕಾಯಲ್ಲ,” ಎಂದ ಮೇಡಂ ಕಾಗದದಲ್ಲಿ ಬರೆದರು: ದಿನಕ್ಕೆರಡು ಸಲ ಮಾತಿನ ಅಭ್ಯಾಸ, ವಾರಕ್ಕೊಮ್ಮೆ ಇಲ್ಲಿಗೆ ಕರೆತರುವುದು. ಜವಾಬ್ದಾರಿ: ಅಳಿಯ.

ಭಾವ ಆಗಲೇ ಲಿಫ್ಟಿನಲ್ಲಿದ್ದ.

ಅಳಿಯ ಸಹಿ ಹಾಕಿ ಏಳುವಷ್ಟರಲ್ಲಿ ಬಾಗಿಲಲ್ಲಿ ಮೂರು ಕುಟುಂಬ ಸಾಲುಗಟ್ಟಿ ನಿಂತಿತ್ತು.

“ಇವರ ಮನೆಯವರಿಗೂ ಮಾತು ನಿಂತಿದೆ,” ಎಂದರು ಮೇಡಂ. “ವಾರಕ್ಕೊಮ್ಮೆ ಹೇಗೂ ಬರ್ತೀರಲ್ಲ, ಇವರಿಗೂ ಸ್ವಲ್ಪ ಹೇಳಿಕೊಡ್ತೀರಾ?”

ಅವನು ಬಾಯಿ ತೆರೆದ. ಮಾತು ಹೊರಡಲಿಲ್ಲ.

“ಅದಕ್ಕೇನಂತೆ, ಹೇಳಿಕೊಡ್ತಾರೆ,” ಎಂದಳು ಹೆಂಡತಿ.